ಸೀಗಡಿಯ ಬಿಳಿಚುಕ್ಕೆ ರೋಗ: ಪತ್ತೆ ಮತ್ತು ಅಳತೆ

ಹಾಸನ ಜಿಲ್ಲೆಯ ಬಾಗೂರು ಹೋಬಳಿಯಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಂತೆಗಳಲ್ಲಾಗಲಿ ಸೀಗಡಿ ಎಂದರೆ ಬಹುಮಟ್ಟಿಗೆ ಒಣ ಸೀಗಡಿಯೇ. ಕರಾವಳಿಯಿಂದ ಘಟ್ಟ ಹತ್ತಿ ಬರುವ, ಒಂದು ಹಿಡಿ ಹುರಿದು ಸಾರಿಗೆ ಹಾಕುವ ಪದಾರ್ಥ ಅದು. ಅದನ್ನು ಕೊಳ ಕಟ್ಟಿ ಸಾಕುತ್ತಾರೆ, ಅದಕ್ಕೂ ಸಾಂಕ್ರಾಮಿಕ ತಗಲಿ ಕೆಲವೇ ದಿನಗಳಲ್ಲಿ ಇಡೀ ಬೆಳೆ ನೆಲಕಚ್ಚುತ್ತದೆ ಎಂಬ ಸಂಗತಿ ಒಳನಾಡಿನ ಓದುಗರಿಗೆ ದೂರದ್ದಾಗಿ ತೋರಬಹುದಾದರೂ, ಮನೆಯಲ್ಲಿ ರೇಷ್ಮೆ ಹುಳು ಮೇಯಿಸಿದವರಿಗೆ ಈ ಕಷ್ಟದ ಸ್ವರೂಪ ಚೆನ್ನಾಗಿ ಗೊತ್ತು. ಹಾಲುತೊಂಡೆ ಬಿದ್ದ ಹುಳುವಿಗೆ ಮದ್ದಿಲ್ಲ, ರೋಗ ಕಣ್ಣಿಗೆ ಕಾಣುವ ಹೊತ್ತಿಗೆ ತಟ್ಟೆಯಲ್ಲಿ ಉಳಿದ ಹುಳುಗಳಿಗೂ ಅದು ಹರಡಿರುತ್ತದೆ, ಆದ್ದರಿಂದ ಕಾಳಜಿಯೆಲ್ಲ ಹುಳು ಹಣ್ಣಾಗುವ ಕಾಲಕ್ಕಲ್ಲ, ಮೊಟ್ಟೆ ತರುವ ಕಾಲಕ್ಕೇ ಸಲ್ಲಬೇಕು. 1865ರಿಂದ ಕೆಲವು ವರ್ಷ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಹುಳುವಿನ ಇನ್ನೊಂದು ರೋಗವಾದ ಗಂಟುರೋಗವನ್ನು ಅಧ್ಯಯನ ಮಾಡಿದ ಲೂಯಿ ಪಾಸ್ಚರ್, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಕಣ ಕಂಡರೆ ಆ ಮೊಟ್ಟೆಗಳನ್ನೆಲ್ಲ ತಿರಸ್ಕರಿಸುವ ಪದ್ಧತಿಯನ್ನು ರೂಢಿಗೆ ತಂದನು. ಕರ್ನಾಟಕದ ಬಿತ್ತನೆ ಕೇಂದ್ರಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯ ತಪಾಸಣೆ ನಡೆಯುತ್ತದೆ. ಸೀಗಡಿ ಸಾಕಣೆ ಈ ಪಾಠವನ್ನು ಪಾಸ್ಚರನ ಕೆಲಸವಾಗಿ ಸುಮಾರು ನೂರಿಪ್ಪತ್ತೈದು ವರ್ಷಗಳ ಮೇಲೆ, ಬಹಳ ದೊಡ್ಡ ಬೆಲೆ ತೆತ್ತು, ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಆ ಬೆಲೆಯ ಹೆಸರು ಬಿಳಿಚುಕ್ಕೆ ರೋಗ. 1992ರ ಸುಮಾರಿಗೆ ತೈವಾನ್ ಮತ್ತು ಚೀನಾಗಳಲ್ಲಿ ಮೊದಲು ಕಾಣಿಸಿಕೊಂಡು, 1993ರಲ್ಲಿ ಜಪಾನಿಗೂ 1994ರಲ್ಲಿ ಭಾರತದ ಪೂರ್ವ ಕರಾವಳಿಗೂ ಬಂದ ಈ ರೋಗ, ಆಗಷ್ಟೇ ಹಬ್ಬುತ್ತಿದ್ದ ಟೈಗರ್ ಸೀಗಡಿಯ ಸಾಕಣೆಯನ್ನು ಬುಡಸಹಿತ ಅಲುಗಾಡಿಸಿತು. ಬಳಿಕ ಅದು ಪಶ್ಚಿಮ ಕರಾವಳಿಗೂ, 1999ರಲ್ಲಿ ದಕ್ಷಿಣ ಅಮೆರಿಕದ ಈಕ್ವೆಡಾರಿಗೂ, 2016ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಲೋಗನ್ ನದಿಯ ದಂಡೆಯ ಕೊಳಗಳಿಗೂ ತಲುಪಿತು. ಕರ್ನಾಟಕದಲ್ಲಿ ಇದರ ಹೊಡೆತ ಬಿದ್ದದ್ದು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಿನ್ನೀರಿನ ನೆಲಗಳಿಗೆ, ಅಂದರೆ ಕುಂದಾಪುರ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರಗಳ ಅಳಿವೆ ಪ್ರದೇಶಗಳಿಗೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ದಂಡೆಯಲ್ಲಿ ಗಜನಿ ಎಂದು ಕರೆಯುವ ತಗ್ಗು ಭೂಮಿಗಳಿವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆಗೆದು ಭರತದ ನೀರನ್ನು ಒಳಬಿಟ್ಟು, ಆ ನೀರಿನೊಂದಿಗೆ ತಾನಾಗಿ ಬರುವ ಸೀಗಡಿ ಮತ್ತು ಮೀನನ್ನು ಬೆಳೆಸಿ ಹಿಡಿಯುವುದು ಅಲ್ಲಿನ ಹಳೆಯ ಕ್ರಮ. ಹ್ಯಾಚರಿಯಿಂದ, ಅಂದರೆ ಮರಿ ಉತ್ಪಾದನಾ ಕೇಂದ್ರದಿಂದ, ಲಕ್ಷಗಟ್ಟಲೆ ಮರಿ ತಂದು ಒತ್ತೊತ್ತಾಗಿ ಬಿಡುವ ಹೊಸ ಕ್ರಮ ಈ ಹಳೆಯ ಕ್ರಮದ ಪಕ್ಕದಲ್ಲೇ, ಅದೇ ಹೊಳೆಯ ನೀರನ್ನು ಹಂಚಿಕೊಂಡು ಬೆಳೆಯಿತು. ಒಂದು ಕೊಳದ ನೀರು ಹೊರಬಿದ್ದು ಮುಂದಿನ ಭರತಕ್ಕೆ ನೆರೆಯ ಕೊಳದ ಬಾಗಿಲಲ್ಲಿ ಒಳಹೋಗುವ ಇಂಥ ನೆಲದಲ್ಲಿ ರೋಗವನ್ನು ಒಬ್ಬರ ಸ್ವಂತ ಸಂಗತಿಯೆಂದು ಎಣಿಸುವುದು ಸಾಧ್ಯವೇ ಇಲ್ಲ.

ರೋಗಕ್ಕೆ ಕಾರಣವಾದ ವೈರಸ್ಸು ವೈರಸ್ಸುಗಳ ಪೈಕಿ ದೊಡ್ಡ ಜಾತಿಯದು. ಮೊಟ್ಟೆಯಾಕಾರದ ದೇಹಕ್ಕೆ ಬಾಲದಂಥ ಎಳೆಯೊಂದು ಅಂಟಿಕೊಂಡಿರುವ ಇದರ ಉದ್ದ ಸುಮಾರು 300 ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರಿನ ಜಾಗದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಣಗಳು ಸಾಲಾಗಿ ನಿಲ್ಲಬಲ್ಲವು. ರೂಪದ ಹೋಲಿಕೆಯಿಂದ ಮೊದಲು ಇದನ್ನು ರೇಷ್ಮೆಯ ಹಾಲುತೊಂಡೆಗೆ ಕಾರಣವಾದ ಬ್ಯಾಕ್ಯುಲೋವೈರಸ್ಸುಗಳ ಕುಲಕ್ಕೇ ಸೇರಿಸಿದ್ದರು. 2001ರಲ್ಲಿ ಇದರ ವಂಶವಾಹಿ ಲಿಪಿಯನ್ನು, ಸುಮಾರು ಮೂರು ಲಕ್ಷ ಅಕ್ಷರಗಳಷ್ಟು ಉದ್ದದ ಡಿಎನ್‌ಎಯನ್ನು, ಪೂರ್ತಿ ಓದಿದ ಮೇಲೆ ಇದರ ಬಹುಪಾಲು ಜೀನುಗಳು ಯಾವ ಪರಿಚಿತ ವೈರಸ್ಸಿಗೂ ಹೊಂದದವೆಂದು ಕಂಡು ನಿಮಾವಿರಿಡೇ ಎಂಬ ಬೇರೆಯೇ ಕುಟುಂಬವನ್ನು ಸ್ಥಾಪಿಸಬೇಕಾಯಿತು. ಟೈಗರ್ ಸೀಗಡಿ, ವಿದೇಶಿ ತಳಿಯ ವನಾಮಿ ಸೀಗಡಿ, ಕಾಡು ಸೀಗಡಿ, ಕಲ್ಲೇಡಿ, ಹೊಳೆಯ ಏಡಿ ಎಂಬ ಭೇದವಿಲ್ಲದೆ ಹತ್ತು ಕಾಲಿನ ಕವಚದ ಪ್ರಾಣಿಗಳೆಲ್ಲವೂ ಇದಕ್ಕೆ ಆಶ್ರಯವಾಗಬಲ್ಲವು; ಅವುಗಳಲ್ಲಿ ಹಲವು ತಾವು ಸಾಯದೆ ರೋಗವನ್ನು ಹೊತ್ತು ತಿರುಗುತ್ತವೆ. ಮನುಷ್ಯರಿಗೆ ಮಾತ್ರ ಇದರಿಂದ ಯಾವ ಅಪಾಯವೂ ಇಲ್ಲ, ರೋಗ ತಗಲಿದ ಸೀಗಡಿಯನ್ನು ತಿಂದವರಿಗೆ ಏನೂ ಆಗುವುದಿಲ್ಲ. ಹಾನಿಯೆಲ್ಲ ಸಾಕಿದವರ ಬದುಕಿಗೆ.

ಸೀಗಡಿಯ ದೇಹದಲ್ಲಿ ಹಸು, ಕೋಳಿ, ಮನುಷ್ಯರಲ್ಲಿರುವಂಥ ಪ್ರತಿಕಾಯಗಳಿಲ್ಲ. ಒಮ್ಮೆ ಬಂದ ರೋಗಾಣುವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಬೇಗ ಎದುರಿಸುವ ಆ ವ್ಯವಸ್ಥೆ ಇಲ್ಲದ ಕಾರಣ ಕೋಳಿಗೆ ಹಾಕುವಂತೆ ಲಸಿಕೆ ಹಾಕಿ ನಿಶ್ಚಿಂತರಾಗುವ ದಾರಿ ಇಲ್ಲಿಲ್ಲ. ವೈರಸ್ಸನ್ನು ಕೊಲ್ಲುವ ಔಷಧಿಯೂ ಇಲ್ಲ. ಹಾಗಿರುವಾಗ ಉಳಿಯುವುದು ಒಂದೇ ಉಪಾಯ: ರೋಗ ಇದೆಯೇ ಎಂಬುದನ್ನು ಅದು ಕಾಣುವ ಮುಂಚೆ ತಿಳಿಯುವುದು ಮತ್ತು ಎಷ್ಟಿದೆ ಎಂಬುದನ್ನು ಅಳೆಯುವುದು. ಬೇರೆ ಪಶುಗಳ ವಿಷಯದಲ್ಲಿ ಚಿಕಿತ್ಸೆಗೆ ಪೀಠಿಕೆಯಷ್ಟೇ ಆಗಿರುವ ತಪಾಸಣೆ ಸೀಗಡಿಯ ವಿಷಯದಲ್ಲಿ ಇಡೀ ವೈದ್ಯವೇ ಆಗಿದೆ.

ಕೊಳದ ದಂಡೆಯಲ್ಲಿ ನಿಂತವರ ಕಣ್ಣು ಮೊದಲ ಉಪಕರಣ. ಮೇವು ಎಷ್ಟು ಉಳಿದಿದೆ ಎಂದು ನೋಡಲು ನೀರಿನಲ್ಲಿ ಇಳಿಬಿಡುವ ಚೆಕ್ ಟ್ರೇಯಲ್ಲಿ ಮೇವು ಮುಟ್ಟದೆ ಉಳಿಯುವುದು, ಸದಾ ತಳದಲ್ಲಿರುವ ಸೀಗಡಿ ಹಗಲಿನಲ್ಲೇ ಅಂಚಿಗೆ ಬಂದು ಮಂಕಾಗಿ ನಿಲ್ಲುವುದು, ಮೈ ತೆಳುಗೆಂಪಾಗುವುದು ಇವೆಲ್ಲ ಸೂಚನೆಗಳು. ಸತ್ತ ಸೀಗಡಿಯ ತಲೆಯ ಮೇಲಿನ ಕವಚವನ್ನು ಸುಲಿದು, ಒಳಬದಿಯ ಪೊರೆಯನ್ನು ಉಜ್ಜಿ ತೆಗೆದು ಬೆಳಕಿಗೆ ಹಿಡಿದರೆ ಅರ್ಧದಿಂದ ಎರಡು ಮಿಲಿಮೀಟರ್ ಅಗಲದ ಬಿಳಿಯ ಚುಕ್ಕೆಗಳು, ಸುಣ್ಣದ ಹನಿ ಸಿಡಿದು ಒಣಗಿದಂತೆ, ಚಿಪ್ಪಿನೊಳಗೇ ಹುದುಗಿರುವುದು ಕಾಣುತ್ತದೆ. ಉಗುರಿನಿಂದ ಕೆರೆದರೂ ಅವು ಹೋಗುವುದಿಲ್ಲ, ಏಕೆಂದರೆ ಅವು ಮೇಲಿನಿಂದ ಅಂಟಿದ ಕೊಳೆಯಲ್ಲ, ಕವಚ ಕಟ್ಟುವ ಚರ್ಮಕೋಶಗಳು ಕೆಟ್ಟಿದ್ದರಿಂದ ಒಳಗೇ ಶೇಖರವಾದ ಕ್ಯಾಲ್ಸಿಯಂ ಲವಣ. ಆದರೆ ಕೆಲವು ಬ್ಯಾಕ್ಟೀರಿಯಾಗಳಿಂದಲೂ, ನೀರಿನ ಕ್ಷಾರ ಗುಣ ಹೆಚ್ಚಿದಾಗಲೂ ಇಂಥದೇ ಚುಕ್ಕೆಗಳು ಮೂಡಬಹುದು, ಮತ್ತು ವೈರಸ್ಸಿನಿಂದಲೇ ಸಾಯುತ್ತಿರುವ ವನಾಮಿಯಲ್ಲಿ ಚುಕ್ಕೆ ಮೂಡದೆಯೂ ಇರಬಹುದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಚುಕ್ಕೆ ಕಂಡ ಮೇಲೆ ಮೂರರಿಂದ ಹತ್ತು ದಿನಗಳಲ್ಲಿ ಕೊಳದ ಸೀಗಡಿಯೆಲ್ಲ ಸಾಯುವುದರಿಂದ ಕಣ್ಣಿನ ತಪಾಸಣೆ ಹೇಳುವುದು ಆಗಿಹೋದ ಸಂಗತಿಯನ್ನೇ.

ಎರಡನೆಯ ಮಾರ್ಗ ಅಂಗಾಂಶವನ್ನು ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸೋಂಕಿದ ಕಿವಿರಿನ ಅಥವಾ ಜಠರದ ಹೊದಿಕೆಯ ಜೀವಕೋಶಗಳಲ್ಲಿ ಕೋಶಕೇಂದ್ರ ಉಬ್ಬಿ, ಒಳಗೆಲ್ಲ ಒಂದೇ ಸಮನಾದ ನೀಲಿ ಛಾಯೆ ತುಂಬಿಕೊಂಡಿರುತ್ತದೆ. 1994ರ ಪಿಡುಗಿನಲ್ಲಿ ಸತ್ತ ಭಾರತದ ಸೀಗಡಿಗಳನ್ನು ಹೀಗೆ ಪರೀಕ್ಷಿಸಿ ವರದಿ ಮಾಡಿದವರಲ್ಲಿ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯದ ಸಿ. ವಿ. ಮೋಹನ್ ಮತ್ತು ಕೆ. ಎಂ. ಶಂಕರ್ ಪ್ರಮುಖರು, ಅದೇ ಮಹಾವಿದ್ಯಾಲಯದ ಸೂಕ್ಷ್ಮಜೀವಿ ವಿಭಾಗದಲ್ಲಿ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯ ಕರುಣಾಸಾಗರ್ ಅವರ ತಂಡ ಪಶ್ಚಿಮ ಕರಾವಳಿಯ ಬಿಳಿಚುಕ್ಕೆ ರೋಗವನ್ನು ಕುರಿತ ಅಧ್ಯಯನವನ್ನು 1997ರಲ್ಲಿ ಪ್ರಕಟಿಸಿತು. 1969ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿ ಆರಂಭವಾದ, ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿರುವ ಈ ಸಂಸ್ಥೆ ಸೀಗಡಿ ರೋಗಪತ್ತೆಯ ವಿಷಯದಲ್ಲಿ ದೇಶಕ್ಕೇ ಮಾಡಿಕೊಟ್ಟ ಉಪಕಾರವನ್ನು ಕನ್ನಡದ ಓದುಗರು ಹೆಚ್ಚಾಗಿ ತಿಳಿದಿಲ್ಲ.

ಮೂರನೆಯ ಮಾರ್ಗವಾದ ಪಿಸಿಆರ್ ಪರೀಕ್ಷೆಯ ಹೆಸರು ಕೋವಿಡ್ ಕಾಲದಲ್ಲಿ ಮನೆಮಾತಾಯಿತಾದರೂ ಅದರ ಒಳಗುಟ್ಟು ಹೆಚ್ಚಿನವರಿಗೆ ತಿಳಿಯಲಿಲ್ಲ. ಡಿಎನ್‌ಎ ಎಂಬುದು ಜಡೆಯಂತೆ ಹೆಣೆದುಕೊಂಡ ಎರಡು ಎಳೆ. ಅದನ್ನು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಎಳೆಗಳು ಬೇರೆಯಾಗುತ್ತವೆ, 55 ಡಿಗ್ರಿಯ ಆಸುಪಾಸಿಗೆ ತಣಿಸಿದರೆ ವೈರಸ್ಸಿನ ಲಿಪಿಗೆ ಮಾತ್ರ ಹೊಂದುವಂತೆ ಮೊದಲೇ ತಯಾರಿಸಿಟ್ಟ ಪ್ರೈಮರ್ ಎಂಬ ತುಂಡುಗಳು ತಮ್ಮ ಜಾಗ ಹುಡುಕಿ ಕೂರುತ್ತವೆ, 72 ಡಿಗ್ರಿಗೆ ಏರಿಸಿದರೆ ಪಾಲಿಮರೇಸ್ ಎಂಬ ಕಿಣ್ವ ಅಲ್ಲಿಂದ ಮುಂದಕ್ಕೆ ಎದುರೆಳೆಯನ್ನು ನೇಯುತ್ತದೆ. ಒಂದು ಸುತ್ತು ಮುಗಿದಾಗ ಒಂದಿದ್ದದ್ದು ಎರಡಾಗಿರುತ್ತದೆ, ಇನ್ನೊಂದು ಸುತ್ತಿಗೆ ನಾಲ್ಕು, ಹೀಗೆ ಲೆಕ್ಕದ ಪ್ರಕಾರ ಮೂವತ್ತು ಸುತ್ತಿಗೆ ನೂರ ಏಳು ಕೋಟಿ. ವೈರಸ್ಸು ಇಲ್ಲದಿದ್ದರೆ ಪ್ರೈಮರ್ ಕೂರಲು ಜಾಗವಿಲ್ಲ, ಹೆಚ್ಚಳವೂ ಇಲ್ಲ. 1983ರಲ್ಲಿ ಈ ಕಲ್ಪನೆಯನ್ನು ಕಂಡುಕೊಂಡ ಅಮೆರಿಕದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಹುಮಾನ ಬಂದಿತು. ಅದಾಗಿ ಮೂರೇ ವರ್ಷಕ್ಕೆ ತೈವಾನಿನ ವಿಜ್ಞಾನಿಗಳು ಬಿಳಿಚುಕ್ಕೆ ವೈರಸ್ಸಿಗೆ ಎರಡು ಹಂತದ ಪಿಸಿಆರ್ ರೂಪಿಸಿದರು, ಅಂದರೆ ಮೊದಲ ಹಂತದಲ್ಲಿ ಹೆಚ್ಚಿಸಿದ ತುಂಡಿನ ಒಳಗಿನ ಇನ್ನೂ ಚಿಕ್ಕ ತುಂಡನ್ನು ಎರಡನೆಯ ಹಂತದಲ್ಲಿ ಮತ್ತೆ ಹೆಚ್ಚಿಸಿ, ಅತ್ಯಲ್ಪವಾಗಿರುವ ಸೋಂಕನ್ನೂ ಬಯಲಿಗೆ ತರುವ ವಿಧಾನ. 1999ರಲ್ಲಿ ಮಂಗಳೂರಿನ ತಂಡ ಪಿಸಿಆರ್ ಬಳಸಿ ಭಾರತದ ಸಾಕಿದ ಸೀಗಡಿಗಳಲ್ಲಷ್ಟೇ ಅಲ್ಲ, ಸ್ವಾಭಾವಿಕ ನೀರಿನಿಂದ ಹಿಡಿದ ಕವಚದ ಪ್ರಾಣಿಗಳಲ್ಲೂ ವೈರಸ್ಸನ್ನು ತೋರಿಸಿಕೊಟ್ಟಿತು. ಕೊಳಕ್ಕೆ ಶುದ್ಧವಾದ ಮರಿ ಬಿಟ್ಟರೆ ಸಾಲದು, ಹೊರಗಿನ ಏಡಿ ಒಳಬರದಂತೆ ಸುತ್ತ ಬಲೆ ಕಟ್ಟಬೇಕು ಎಂಬ ನಿಯಮದ ಹಿಂದೆ ಇಂಥ ಅಧ್ಯಯನಗಳಿವೆ.

ಇದೆ ಅಥವಾ ಇಲ್ಲ ಎಂಬ ಉತ್ತರಕ್ಕಿಂತ ಎಷ್ಟಿದೆ ಎಂಬ ಉತ್ತರ ಏಕೆ ಮುಖ್ಯ ಎಂಬುದನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಈ ವೈರಸ್ಸು ಸ್ವಲ್ಪ ಪ್ರಮಾಣದಲ್ಲಿ ಸೀಗಡಿಯೊಳಗೆ ಸುಮ್ಮನಿರಬಲ್ಲದು. ಜೋರು ಮಳೆ ಬಿದ್ದು ಕೊಳದ ಉಪ್ಪಿನಂಶ ಒಮ್ಮೆಲೇ ಇಳಿದಾಗ, ರಾತ್ರಿ ನೀರು ತಣ್ಣಗಾದಾಗ, ನೀರಿನ ಆಮ್ಲಜನಕ ಕುಸಿದಾಗ ಸೀಗಡಿ ನಿತ್ರಾಣಗೊಂಡು ವೈರಸ್ಸು ಒಳಗೊಳಗೇ ಹೆಚ್ಚುತ್ತದೆ. ಅತ್ಯಲ್ಪ ಸೋಂಕಿರುವ ಕೊಳ ಎಚ್ಚರದ ನಿರ್ವಹಣೆಯಿಂದ ಕೊಯ್ಲಿನವರೆಗೆ ಉಳಿಯಲೂಬಹುದು, ಸೋಂಕು ಏರುತ್ತಿರುವ ಕೊಳ ಉಳಿಯುವುದಿಲ್ಲ; ಎರಡೂ ಕೊಳಗಳ ವರದಿಯಲ್ಲಿ ಪಾಸಿಟಿವ್ ಎಂಬ ಒಂದೇ ಪದವಿದ್ದರೆ ಸಾಕುವವರಿಗೆ ಅದರಿಂದ ತೀರ್ಮಾನ ಸಿಗುವುದಿಲ್ಲ. ಎರಡು ಹಂತದ ಪಿಸಿಆರ್‌ನಲ್ಲಿ ಇದಕ್ಕೆ ಒಂದು ಸ್ಥೂಲ ಉತ್ತರವಿದೆ: ಮೊದಲ ಹಂತದಲ್ಲೇ ಹೆಚ್ಚಿದ ಡಿಎನ್‌ಎಯ ಪಟ್ಟೆ ಕಂಡರೆ ಸೋಂಕು ಭಾರಿ, ಎರಡನೆಯ ಹಂತದಲ್ಲಿ ಮಾತ್ರ ಕಂಡರೆ ಹಗುರ. ಖಚಿತವಾದ ಉತ್ತರ ಕೊಡುವುದು ರಿಯಲ್ ಟೈಮ್ ಪಿಸಿಆರ್. ಇದರಲ್ಲಿ ಪ್ರತಿ ಸುತ್ತಿಗೂ ಹೆಚ್ಚಿದ ಡಿಎನ್‌ಎಗೆ ಅನುಗುಣವಾಗಿ ಬೆಳಕು ಸೂಸುವ ಬಣ್ಣವನ್ನು ಬೆರೆಸಿದ್ದು, ಆ ಬೆಳಕು ಗೊತ್ತುಪಡಿಸಿದ ಗೆರೆಯನ್ನು ಎಷ್ಟನೆಯ ಸುತ್ತಿನಲ್ಲಿ ದಾಟಿತು ಎಂಬುದನ್ನು ಯಂತ್ರ ಗುರುತಿಸುತ್ತದೆ; ಆ ಸುತ್ತಿನ ಸಂಖ್ಯೆಗೆ ಸಿಟಿ ಮೌಲ್ಯವೆಂದು ಹೆಸರು. ವೈರಸ್ಸು ಹೆಚ್ಚಿದ್ದಷ್ಟೂ ಗೆರೆ ಬೇಗ ದಾಟುವುದರಿಂದ ಸಂಖ್ಯೆ ಚಿಕ್ಕದಾದಷ್ಟೂ ರೋಗ ದೊಡ್ಡದು. ಒಂದು ಸೀಗಡಿಯ ಸಿಟಿ ಮೌಲ್ಯ 18, ಇನ್ನೊಂದರದು 34 ಎಂದಿಟ್ಟುಕೊಂಡರೆ ನಡುವೆ ಇರುವ ಹದಿನಾರು ಸುತ್ತುಗಳಲ್ಲಿ ಪ್ರತಿಯೊಂದೂ ಒಂದು ಇಮ್ಮಡಿ. ಮೊದಲನೆಯದರಲ್ಲಿ ಎರಡನೆಯದಕ್ಕಿಂತ ಸುಮಾರು 65,000 ಪಟ್ಟು ಹೆಚ್ಚು ವೈರಸ್ಸಿದೆ ಎಂದರ್ಥ. ಪ್ರಮಾಣ ಗೊತ್ತಿರುವ ಡಿಎನ್‌ಎಯನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುಮಾಡಿ ಅದೇ ಯಂತ್ರದಲ್ಲಿ ಓಡಿಸಿ ಅಳತೆಗೋಲು ಮಾಡಿಕೊಂಡರೆ ಸಿಟಿ ಮೌಲ್ಯವನ್ನು ವೈರಸ್ಸಿನ ಪ್ರತಿಗಳ ಎಣಿಕೆಯಾಗಿ ಬದಲಾಯಿಸಬಹುದು. ಒಂದು ವಾರದ ಅಂತರದಲ್ಲಿ ಒಂದೇ ಕೊಳದ ಎರಡು ಎಣಿಕೆಗಳು ಕೈಯಲ್ಲಿದ್ದರೆ ರೋಗ ನಿಂತಿದೆಯೋ ಏರುತ್ತಿದೆಯೋ ಎಂಬುದು ತಿಳಿಯುತ್ತದೆ, ಏರುತ್ತಿದ್ದರೆ ಸೀಗಡಿ ಸಣ್ಣದಾದರೂ ಸಾಯುವ ಮೊದಲೇ ಹಿಡಿದು ಮಾರಿ ಅಸಲನ್ನಾದರೂ ಉಳಿಸಿಕೊಳ್ಳಬಹುದು.

ಇಷ್ಟು ಸೂಕ್ಷ್ಮವಾದ ಪರೀಕ್ಷೆ ಅಷ್ಟೇ ಸುಲಭವಾಗಿ ತಪ್ಪನ್ನೂ ಹೇಳಬಲ್ಲದು. ಎರಡು ಹಂತಗಳ ನಡುವೆ ಕೊಳವೆಯ ಮುಚ್ಚಳ ತೆಗೆದಾಗ ಹಾರುವ ಕಣ್ಣಿಗೆ ಕಾಣದ ತುಂತುರು ಪಕ್ಕದ ಕೊಳವೆಗೆ ಬಿದ್ದರೆ ರೋಗವಿಲ್ಲದ ಮರಿಗೂ ರೋಗವಿದೆಯೆಂಬ ವರದಿ ಬರುತ್ತದೆ. ಆದ್ದರಿಂದ ಒಳ್ಳೆಯ ಪ್ರಯೋಗಾಲಯದಲ್ಲಿ ಮಾದರಿ ಅರೆಯುವ ಕೋಣೆ, ದ್ರಾವಣ ಬೆರೆಸುವ ಕೋಣೆ, ಫಲಿತಾಂಶ ನೋಡುವ ಕೋಣೆ ಬೇರೆ ಬೇರೆ. ವಿರುದ್ಧ ದಿಕ್ಕಿನ ತಪ್ಪೂ ಉಂಟು: ಸೀಗಡಿಯ ಕಣ್ಣಿನಲ್ಲಿರುವ ಕಪ್ಪು ವರ್ಣದ್ರವ್ಯ ಪಾಲಿಮರೇಸ್ ಕಿಣ್ವವನ್ನು ತಡೆಯುತ್ತದೆ, ಹಾಗಾಗಿ ಮರಿಯನ್ನು ಇಡಿಯಾಗಿ ಅರೆದರೆ ಇರುವ ವೈರಸ್ಸೂ ಇಲ್ಲವೆಂದು ಕಾಣಬಹುದು, ಸ್ವಲ್ಪ ಬೆಳೆದ ಮರಿಯ ಕಣ್ಣನ್ನು ಕಿತ್ತು ಉಳಿದದ್ದನ್ನು ಬಳಸುವುದು ಇದಕ್ಕಾಗಿಯೇ. ದೊಡ್ಡ ಸೀಗಡಿಯಾದರೆ ಕಿವಿರು ಅಥವಾ ಹೊಟ್ಟೆಯಡಿಯ ಈಜುಕಾಲು ಸಾಕು. ಈಜುಕಾಲಿನ ತುದಿಯನ್ನು ಕತ್ತರಿಸಿಕೊಂಡರೆ ಬೆಲೆಬಾಳುವ ತಾಯಿ ಸೀಗಡಿಯನ್ನು ಕೊಲ್ಲಬೇಕಾಗಿಲ್ಲ. ಜೀರ್ಣಗ್ರಂಥಿಯಾದ ಹೆಪಟೊಪ್ಯಾಂಕ್ರಿಯಾಸ್ ದೊಡ್ಡದಾಗಿ ಕಾಣುತ್ತದೆಂದು ಅದನ್ನು ಆರಿಸಿಕೊಂಡರೆ ಕೆಲಸ ಕೆಡುತ್ತದೆ, ಈ ವೈರಸ್ಸು ಅದರ ನಾಳಗಳ ಒಳಪದರದ ಕೋಶಗಳಲ್ಲಿ ಬೆಳೆಯುವುದಿಲ್ಲ. ರೋಗವಿದೆಯೆಂದು ಗೊತ್ತಿರುವ ಮಾದರಿ, ಬರಿಯ ನೀರು, ಮತ್ತು ಸೀಗಡಿಯದೇ ಆದ ಜೀನೊಂದು, ಈ ಮೂರನ್ನೂ ಪ್ರತಿ ಸಲ ಜೊತೆಯಲ್ಲಿ ಓಡಿಸದ ವರದಿಯನ್ನು ನಂಬಬಾರದು.

ಯಂತ್ರದ ತಪ್ಪಿಗಿಂತ ದೊಡ್ಡದು ಎಣಿಕೆಯ ತಪ್ಪು, ಮತ್ತು ಸಾಕುವವರ ನಷ್ಟಕ್ಕೆ ಕಾರಣವಾಗುವ ತಪ್ಪುಗಳಲ್ಲಿ ಇದೇ ಹೆಚ್ಚು ಕಡೆಗಣನೆಗೆ ಒಳಗಾದುದು. ಎರಡು ಲಕ್ಷ ಮರಿಗಳ ತೊಟ್ಟಿಯಿಂದ 150 ಮರಿಗಳನ್ನು ಕಲೆಸಿ ಪರೀಕ್ಷಿಸುವುದು ರೂಢಿ. ನೂರಕ್ಕೆ ಎರಡು ಮರಿಗಳಿಗೆ ಸೋಂಕಿದ್ದರೆ, ಈ 150ರಲ್ಲಿ ಒಂದಾದರೂ ಸೋಂಕಿನ ಮರಿ ಸಿಕ್ಕುವ ಸಂಭವ ನೂರಕ್ಕೆ 95; ಆ ಸಂಖ್ಯೆ ಹುಟ್ಟಿದ್ದೇ ಈ ಲೆಕ್ಕದಿಂದ. ಆದರೆ ಸೋಂಕು ಇನ್ನೂರಕ್ಕೆ ಒಂದರಂತೆ ಮಾತ್ರ ಇದ್ದರೆ ಅದೇ 150 ಮರಿಗಳಲ್ಲಿ ಒಂದೂ ಸಿಕ್ಕದೆ ಹೋಗುವ ಸಂಭವ ನೂರಕ್ಕೆ 47ರಷ್ಟಾಗುತ್ತದೆ, ತೊಟ್ಟಿಯಲ್ಲಿ ಮಾತ್ರ ಸೋಂಕಿನ ಮರಿಗಳು ಒಂದು ಸಾವಿರವಿರುತ್ತವೆ. ನೆಗೆಟಿವ್ ಎಂಬ ಕಾಗದ ಮಾತಾಡುವುದು ಪ್ರಯೋಗಾಲಯಕ್ಕೆ ಹೋದ ಮರಿಗಳ ಬಗ್ಗೆ. ಕೊಳಕ್ಕೆ ಬಂದ ಮರಿಗಳ ಬಗ್ಗೆ ಅದು ಕೊಡುವುದು ಒಂದು ಅಂದಾಜು. ಮಾದರಿಯನ್ನು ಮಾರುವವರೇ ಆರಿಸಿ ಕಳುಹಿಸುವ ಕಡೆ ಆ ಅಂದಾಜಿಗೂ ಬೆಲೆಯಿಲ್ಲ. ಕೊಳ್ಳುವವರು ತಾವೇ ನಿಂತು, ತೊಟ್ಟಿಯ ನಾಲ್ಕಾರು ಕಡೆಯಿಂದ, ಅದರಲ್ಲೂ ತಳದಲ್ಲಿ ಮಂಕಾಗಿರುವ ಮರಿಗಳನ್ನು ಸೇರಿಸಿ ಮಾದರಿ ತೆಗೆಯಬೇಕೆಂದು ತಿಳಿದವರು ಒತ್ತಿ ಹೇಳುವುದು ಈ ಕಾರಣಕ್ಕೆ.

ಪಿಸಿಆರ್ ಯಂತ್ರ ಕೊಳದ ದಂಡೆಗೆ ಬರುವುದಿಲ್ಲ. ಕುಮಟಾದ ಕೊಳದಿಂದ ಮಾದರಿ ದೂರದ ಪ್ರಯೋಗಾಲಯ ಸೇರಿ ಉತ್ತರ ಬರುವಷ್ಟರಲ್ಲಿ ಹೋಗುವ ದಿನಗಳು ಸೀಗಡಿಯ ಆಯುಸ್ಸಿನ ದಿನಗಳು. ಈ ಕೊರತೆಗೆ ಮಂಗಳೂರಿನಲ್ಲಿ ಶಂಕರ್ ಮತ್ತು ಸಂಗಡಿಗರು ಹುಡುಕಿದ ಪರಿಹಾರ ಮಾನೋಕ್ಲೋನಲ್ ಪ್ರತಿಕಾಯಗಳದು. ಸೀಗಡಿಗೆ ಪ್ರತಿಕಾಯ ಮಾಡಲು ಬಾರದಿದ್ದರೇನು, ಇಲಿಗೆ ಬರುತ್ತದೆ: ವೈರಸ್ಸನ್ನು ಇಲಿಗೆ ಚುಚ್ಚಿ, ಅದರ ಗುಲ್ಮದಲ್ಲಿ ಪ್ರತಿಕಾಯ ತಯಾರಿಸುವ ಕೋಶವನ್ನು ಸಾವಿಲ್ಲದ ಕ್ಯಾನ್ಸರ್ ಕೋಶದೊಡನೆ ಬೆಸೆದರೆ, ವೈರಸ್ಸಿನ ಒಂದೇ ಗುರುತನ್ನು ಹಿಡಿಯುವ ಪ್ರತಿಕಾಯವನ್ನು ಬೇಕಾದಷ್ಟು ಪಡೆಯಬಹುದು. ಕಿವಿರನ್ನು ದ್ರಾವಣದಲ್ಲಿ ಅರೆದು, ಅದರ ಒಂದು ಹನಿಯನ್ನು ವಿಶೇಷ ಕಾಗದದ ಮೇಲಿಟ್ಟು, ಪ್ರತಿಕಾಯ ಮತ್ತು ಬಣ್ಣದ ದ್ರಾವಣಗಳನ್ನು ಒಂದಾದ ಮೇಲೊಂದರಂತೆ ಹನಿಸಿದರೆ, ವೈರಸ್ಸಿದ್ದಲ್ಲಿ ಬಣ್ಣದ ಬೊಟ್ಟು ಮೂಡುತ್ತದೆ; ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ಇದರ ಸೂಕ್ಷ್ಮತೆ ಎರಡು ಹಂತದ ಪಿಸಿಆರ್‌ನಷ್ಟಿಲ್ಲ, ಒಂದು ಹಂತದ ಪಿಸಿಆರ್‌ಗೆ ಸಮೀಪ. ಆದರೆ ಬೆಳೆಯುತ್ತಿರುವ ಕೊಳದಲ್ಲಿ ಬೇಕಾದದ್ದು ಅತ್ಯಲ್ಪ ಸೋಂಕಿನ ಸುದ್ದಿಯಲ್ಲ, ಸೋಂಕು ಅಪಾಯದ ಮಟ್ಟಕ್ಕೆ ಏರುತ್ತಿದೆ ಎಂಬ ಎಚ್ಚರಿಕೆ. ಆ ಕೆಲಸಕ್ಕೆ ಈ ಬೊಟ್ಟಿನ ಪರೀಕ್ಷೆ ಸರಿಯಾದ ಅಳತೆಯದು. ತಪಾಸಣೆಯ ಗುಣವನ್ನು ಸೂಕ್ಷ್ಮತೆಯೊಂದರಿಂದಲೇ ತೂಗುವ ಪ್ರಯೋಗಾಲಯದ ಅಭ್ಯಾಸಕ್ಕೆ ಇದು ಒಂದು ಒಳ್ಳೆಯ ತಿದ್ದುಪಡಿ.

2009ರಿಂದ ಭಾರತದಲ್ಲಿ ಟೈಗರ್ ಸೀಗಡಿಯ ಜಾಗವನ್ನು ಬಹುಪಾಲು ಆಕ್ರಮಿಸಿದ ವನಾಮಿಯ ತಾಯಿಗಳು ವಿದೇಶದಿಂದ ಬಂದು ಚೆನ್ನೈನ ಸಂಗರೋಧ ಕೇಂದ್ರದಲ್ಲಿ ವೈರಸ್ಸುಗಳ ತಪಾಸಣೆ ಮುಗಿಸಿಯೇ ಹ್ಯಾಚರಿ ಸೇರುತ್ತವೆ. ನಿರ್ದಿಷ್ಟ ರೋಗಗಳಿಂದ ಮುಕ್ತ ಎಂಬ ಅವುಗಳ ಬಿರುದನ್ನು ರೋಗ ಬಾರದ ತಳಿ ಎಂದು ತಿಳಿಯುವುದು ಸಾಮಾನ್ಯವಾದ, ದುಬಾರಿಯಾದ ತಪ್ಪು. ರೋಗಮುಕ್ತ ಮೊಟ್ಟೆಯಿಂದ ಬಂದ ಹುಳು ಕೊಳಕು ಮನೆಯಲ್ಲಿ ಹಾಲುತೊಂಡೆಗೆ ಬೀಳುವಂತೆಯೇ ಈ ಮರಿಯೂ ಏಡಿಯಿರುವ ಕೊಳದಲ್ಲಿ ಬಿಳಿಚುಕ್ಕೆಗೆ ಬೀಳುತ್ತದೆ. ರೋಗ ಬಂದ ಕೊಳದ ನೀರನ್ನು ಹೊರಬಿಡದೆ, ಬ್ಲೀಚಿಂಗ್ ಪೌಡರ್ ಹಾಕಿ ಕೆಲವು ದಿನ ಕಟ್ಟಿ ನಿಲ್ಲಿಸಬೇಕು. ನಷ್ಟದ ನಡುವೆ ಇನ್ನಷ್ಟು ಖರ್ಚು ಹಾಕಿ ಮಾಡಬೇಕಾದ ಈ ಕೆಲಸದ ಲಾಭ ಪೂರ್ತಿಯಾಗಿ ನೆರೆಯವರದು, ಅದನ್ನು ಮಾಡುವವರಿಗೆ ಸಮಾಜ ಋಣಿಯಾಗಿರಬೇಕು.

ಮತ್ತೆ ಹಾಸನದ ಹೇಮಾವತಿ ನದಿಯ ಬಯಲಿಗೆ ಬಂದರೆ, ಇಲ್ಲಿನ ಸಿಹಿನೀರಿಗೆ ಒಗ್ಗುವ ದೊಡ್ಡ ಸೀಗಡಿ, ಸ್ಕ್ಯಾಂಪಿ ಎಂದು ವ್ಯಾಪಾರದಲ್ಲಿ ಕರೆಯುವ ಜಾತಿ, ಬಿಳಿಚುಕ್ಕೆಗೆ ಅಷ್ಟಾಗಿ ಬಲಿಯಾಗದು. ಅದರ ಶತ್ರು ಬಿಳಿಬಾಲ ರೋಗ. 1990ರ ದಶಕದ ಕೊನೆಯಲ್ಲಿ ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಿಂದ ಮೊದಲು ವರದಿಯಾಗಿ ಆಮೇಲೆ ಭಾರತದಲ್ಲೂ ಕಾಣಿಸಿಕೊಂಡ ಈ ರೋಗದಲ್ಲಿ ಮರಿಯ ಬಾಲದ ಮಾಂಸ ಬೇಯಿಸಿದಂತೆ ಬೆಳ್ಳಗಾಗಿ ಕೆಲವೇ ದಿನಗಳಲ್ಲಿ ಮರಿಗಳೆಲ್ಲ ಸಾಯುತ್ತವೆ, ದೊಡ್ಡವು ಮಾತ್ರ ಸಾಯದೆ ರೋಗವನ್ನು ಹೊತ್ತಿರುತ್ತವೆ. ಸಿಹಿನೀರಿನ ಸೀಗಡಿಯಾದರೂ ಅದರ ಎಳೆಯ ಲಾರ್ವಾ ಬದುಕಲು ಅರೆಯುಪ್ಪು ನೀರು ಬೇಕಾದ್ದರಿಂದ ಕೆರೆ ಕೊಳಗಳಿಗೆ ಬಿಡುವ ಮರಿ ಅಂಥ ನೀರಿನ ಸೌಕರ್ಯವಿರುವ ಹ್ಯಾಚರಿಯಿಂದಲೇ ಬರಬೇಕು, ರೋಗವೂ ಒಣ ಸೀಗಡಿಯ ಹಾಗೆ ಕರಾವಳಿಯಿಂದ ಘಟ್ಟ ಹತ್ತಿ ಬರಬಲ್ಲದು. ಬಿಳಿಬಾಲ ರೋಗದ ವೈರಸ್ಸುಗಳ ಲಿಪಿ ಡಿಎನ್‌ಎಯಲ್ಲಿಲ್ಲ, ಆರ್‌ಎನ್‌ಎಯಲ್ಲಿದೆ. ಅದನ್ನು ಮೊದಲು ಡಿಎನ್‌ಎಗೆ ಪರಿವರ್ತಿಸಿ ಆಮೇಲೆ ಪಿಸಿಆರ್ ಮಾಡಬೇಕು, ಮತ್ತು ಆರ್‌ಎನ್‌ಎ ಬಿಸಿಲಿನಲ್ಲಿ ಬೇಗ ಹಾಳಾಗುವುದರಿಂದ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟೋ ಗಾಢ ಆಲ್ಕೋಹಾಲಿನಲ್ಲಿ ಮುಳುಗಿಸಿಯೋ ಕೂಡಲೇ ಕಳುಹಿಸಬೇಕು. ಸೀಸೆಯೊಳಗೆ ಇಳಿಬಿಡುವ ಚೀಟಿಯ ಮೇಲೆ ಕೊಳದ ಗುರುತು, ಮರಿಯ ವಯಸ್ಸು, ಹಿಡಿದ ದಿನಾಂಕ ಬರೆಯುವಾಗ ಪೆನ್ಸಿಲನ್ನೇ ಬಳಸಬೇಕು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ, ಪ್ರಯೋಗಾಲಯ ತಲುಪುವ ಹೊತ್ತಿಗೆ ಆ ಸೀಸೆ ಯಾವ ಕೊಳದ್ದೆಂದು ಯಾರಿಗೂ ತಿಳಿಯದಂತಾಗಿರುತ್ತದೆ.